ಡಿಪ್‌ಸ್ಟಿಕ್ ಯಾಕೆ ಹಾರುತ್ತದೆ?

ಗದಗಿನಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡವರು, ಲಾರಿ ಡ್ರೈವರ್‌ಗಳು, ಗ್ಯಾರೇಜಿನ ಹುಡುಗರು ಸೇರಿದ್ದ ಒಂದು ಸಭೆಯಲ್ಲಿ ನಾನು ಆಡಿದ ಮಾತು ಇದು. ಡಿಪ್‌ಸ್ಟಿಕ್ ಅಂದರೆ ಇಂಜಿನ್ ಆಯಿಲ್ ಎಷ್ಟಿದೆ ಅಂತ ನೋಡುವ ಕಡ್ಡಿ. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿಕೊಂಡು ನಾನೇ ಬರೆದಿದ್ದೇನೆ. ನಡುವಿನ ಚಹಾದ ಗದ್ದಲ ಬಿಟ್ಟಿದ್ದೇನೆ. ಬಾಯಿಲೆಕ್ಕದಲ್ಲಿ ತಪ್ಪಿದ್ದ ಒಂದೆರಡು ಅಂಕಿ ಸರಿ ಮಾಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಒಳಗೆ ಬರುವಾಗಲೇ ನವಲಗುಂದ ಕಡೆಯ ಒಬ್ಬ ಕಾಕಾ ನನ್ನನ್ನು ಬಾಗಿಲಲ್ಲಿ ಹಿಡಿದರು. "ಸರ, ನಮ್ಮ ಟ್ರ್ಯಾಕ್ಟರ್ ಡಿಪ್‌ಸ್ಟಿಕ್ ತಾನ ಜಿಗದು ಹೊರಗ ಬರತೈತ್ರಿ. ನಮ್ಮ ಮಿಸ್ತ್ರಿ ಇಂಜಿನ್ ಬಿಚ್ಚಬೇಕು ಅಂತಾನ. ನೀವೇನಂತೀರಿ?" ಅಂದರು. ನಾನು ಏನೂ ಅನ್ನಲಿಲ್ಲ. ಟ್ರ್ಯಾಕ್ಟರ್ ತಂದೀರೇನು ಅಂತಷ್ಟೇ ಕೇಳಿದೆ. ಹೊರಗೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದಾರಂತೆ. ಮಾತು ಮುಗಿದ ಮೇಲೆ ಎಲ್ಲರೂ ಹೋಗಿ ನೋಡೋಣ. ಈ ಚೀಲ ತಂದಿರುವುದು ಅದಕ್ಕೇ. ಇದರಲ್ಲಿ ಏನಿದೆ ಅಂತ ಆಮೇಲೆ ತೋರಿಸುತ್ತೇನೆ.

ಇವತ್ತಿನ ವಿಷಯ ಬ್ರೀದರ್. ಏರ್ ಫಿಲ್ಟರ್ ಎಲ್ಲರಿಗೂ ಗೊತ್ತು, ಡೀಸೆಲ್ ಫಿಲ್ಟರ್ ಗೊತ್ತು. ಬ್ರೀದರ್ ಎಲ್ಲಿದೆ ತೋರಿಸಿ ಅಂದರೆ ಅರ್ಧ ಜನ ಇಂಜಿನ್ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತೀರಿ. ಇಂಜಿನ್ ತಲೆಯ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್ ಮೇಲೋ ಬ್ಲಾಕಿನ ಪಕ್ಕದಲ್ಲೋ ಒಂದು ಡಬ್ಬಿ, ಅದರಿಂದ ಇಳಿದ ಒಂದು ಪೈಪು. ಅಷ್ಟೇ ಅದು. ಹಳೆಯ ಟ್ರ್ಯಾಕ್ಟರ್‌ನಲ್ಲಿ ಆ ಪೈಪಿನ ಬಾಯಿ ನೆಲದ ಕಡೆ ತೆರೆದಿರುತ್ತದೆ. ಹೊಸ ಗಾಡಿಗಳಲ್ಲಿ ಏರ್ ಫಿಲ್ಟರ್ ಮತ್ತು ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೋ ನಡುವಿನ ಪೈಪಿಗೆ ಹೋಗಿ ಸೇರುತ್ತದೆ. ಡಬ್ಬಿಯೊಳಗೆ ತಂತಿ ಜಾಳಿಗೆಯೋ ಫಿಲ್ಟರೋ ಇರುತ್ತದೆ. ಗಾಳಿ ಹೊರಗೆ ಹೋಗಬೇಕು, ಆಯಿಲ್ ಹನಿ ಮಾತ್ರ ಅಲ್ಲೇ ಸಿಕ್ಕಿಕೊಂಡು ವಾಪಸ್ ಚೇಂಬರಿಗೆ, ಅಂದರೆ ಪಿಸ್ಟನ್‌ಗಳ ಕೆಳಗೆ ಆಯಿಲ್ ಇರುವ ಜಾಗಕ್ಕೆ, ಇಳಿಯಬೇಕು.

ಆ ಗಾಳಿ ಚೇಂಬರಿಗೆ ಬಂದದ್ದು ಎಲ್ಲಿಂದ? ಪಿಸ್ಟನ್ ಮೇಲೆ ಡೀಸೆಲ್ ಉರಿಯುವ ಗಳಿಗೆಯಲ್ಲಿ ಒತ್ತಡ ಒಂದು ಚದರ ಸೆಂಟಿಮೀಟರಿಗೆ 60-70 ಕೆಜಿ ಇರುತ್ತದೆ. ಟರ್ಬೋ ಇಂಜಿನ್‌ನಲ್ಲಿ 100 ದಾಟುತ್ತದೆ. ಅದನ್ನು ತಡೆದು ನಿಲ್ಲಿಸುವುದು ಪಿಸ್ಟನ್ ಸುತ್ತ ಕೂತ ರಿಂಗು. ರಿಂಗ್ ಎಷ್ಟೇ ಹೊಸದಿದ್ದರೂ ಅದಕ್ಕೊಂದು ಬಾಯಿ ಇರುತ್ತದೆ, ಅಲ್ವಾ? ಆ ಸಂದಿಯಲ್ಲಿ ಸ್ವಲ್ಪ ಗಾಳಿ ಯಾವಾಗಲೂ ಕೆಳಗೆ ನುಸುಳುತ್ತದೆ. ನಾವು ಗ್ಯಾರೇಜಿನವರು ಇದಕ್ಕೆ ಬ್ಯಾಕ್ ಕಂಪ್ರೆಷನ್ ಅನ್ನುತ್ತೇವೆ. ಆ ಹೆಸರು ಕೇಳಿದ ಕೂಡಲೇ ಗಿರಾಕಿಗೆ ಎದೆ ಝಲ್ ಅನ್ನುತ್ತದೆ. ಆದರೆ ಬ್ಯಾಕ್ ಕಂಪ್ರೆಷನ್ ಒಂದಿಷ್ಟೂ ಇಲ್ಲದ ಡೀಸೆಲ್ ಇಂಜಿನ್ ಇಲ್ಲ. ಕೇಳಬೇಕಾದ್ದು ಎಷ್ಟಿದೆ ಅನ್ನುವುದನ್ನು.

ಒಂದು ಲೆಕ್ಕ ಹಾಕೋಣ. 4 ಲೀಟರ್ ಇಂಜಿನ್, ನಿಮಿಷಕ್ಕೆ 2000 ಸುತ್ತು. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಲ ಗಾಳಿ ಎಳೆಯುತ್ತದೆ. ನಿಮಿಷಕ್ಕೆ ಸುಮಾರು 4000 ಲೀಟರ್ ಆಯಿತು. ಅದರಲ್ಲಿ ನೂರಕ್ಕೆ ಒಂದು ಪಾಲು ಕೆಳಗೆ ನುಸುಳಿದರೂ 40 ಲೀಟರ್, ಅಂದರೆ ನಿಮಿಷಕ್ಕೆ ಎರಡು-ಮೂರು ಕೊಡ ಗಾಳಿ. ಇದು ಚೆನ್ನಾಗಿರುವ ಇಂಜಿನ್ ಲೆಕ್ಕ. ಇಷ್ಟು ಗಾಳಿಗೆ ದಾರಿ ಕೊಡುವುದು ನಿಮ್ಮ ಹೆಬ್ಬೆರಳು ದಪ್ಪದ ಒಂದು ಪೈಪು. ಆ ಪೈಪಿನ ಬಾಯಿಗೆ ಎರೆಮಣ್ಣು ಮೆತ್ತಿ ಒಣಗಿದರೆ ಏನಾಗುತ್ತದೆ, ನೀವೇ ಯೋಚಿಸಿ.

ಆಗುವುದು ಇಷ್ಟು. ಗಾಳಿ ಬೇರೆ ದಾರಿ ಹುಡುಕುತ್ತದೆ. ಡಿಪ್‌ಸ್ಟಿಕ್ ಎತ್ತುತ್ತದೆ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ತೇವ ಆಗುತ್ತದೆ. ಮುಂದಿನ ಸೀಲು, ಹಿಂದಿನ ಸೀಲು ಆಯಿಲ್ ಬಿಡುತ್ತವೆ. ತಿರುಗುವ ಶಾಫ್ಟಿನ ಮೇಲೆ ಕೂತ ಆಯಿಲ್ ಸೀಲಿನ ತುಟಿ ಸಿಡಿಯುವ ಆಯಿಲ್ ತಡೆಯಲಿಕ್ಕೆ ಇರುವುದು, ಒತ್ತಡ ತಡೆಯಲಿಕ್ಕಲ್ಲ. ಒಳಗಿನಿಂದ ಸುಮ್ನೆ ಊದುತ್ತಾ ಇದ್ದರೆ ಅದು ಬಾಯಿ ಬಿಡುತ್ತದೆ.

ಇಲ್ಲಿ ನನ್ನದೇ ಒಂದು ದಡ್ಡತನ ಹೇಳಬೇಕು. ಹುಬ್ಬಳ್ಳಿಯಲ್ಲಿ ನಾನು ಹೊಸದಾಗಿ ಕೆಲಸ ಶುರು ಮಾಡಿದ ದಿನಗಳು. ಒಂದು ಲಾರಿ, ಹಿಂದಿನ ಸೀಲ್ ಲೀಕು. ಗೇರ್‌ಬಾಕ್ಸ್ ಇಳಿಸಿ ಸೀಲ್ ಹಾಕಿದೆ. ಹದಿನೈದು ದಿನಕ್ಕೆ ಮತ್ತೆ ಬಂತು. ಸೀಲ್ ಡೂಪ್ಲಿಕೇಟ್ ಇರಬೇಕು ಅಂದುಕೊಂಡು ಬೇರೆ ಅಂಗಡಿಯಿಂದ ತಂದು ಹಾಕಿದೆ. ಮೂರನೇ ಸಲ ಬಂದಾಗ ಮಾಲೀಕರು ಸಿಟ್ಟು ಮಾಡಲಿಲ್ಲ. ಅದೇ ಜಾಸ್ತಿ ನೋವಾಯಿತು. "ಏನ್ ಮಿಸ್ತ್ರಿ, ಗೇರ್‌ಬಾಕ್ಸ್ ಇಳಿಸೂದು ನಿನಗ ವ್ಯಾಯಾಮ ಆಗೇತೇನು?" ಅಂದರು ಅಷ್ಟೇ. ಆ ಸಲ ಗಾಡಿ ಬಿಸಿ ಇರುವಾಗಲೇ ಕೆಳಗೆ ಮಲಗಿ ನೋಡಿದೆ. ಬ್ರೀದರ್ ಪೈಪು ಎಂದೋ ಹರಿದಿತ್ತು. ಯಾರೋ ಅದರ ಜಾಗಕ್ಕೆ ಮೆತ್ತನೆಯ ರಬ್ಬರ್ ಪೈಪು ಸಿಕ್ಕಿಸಿದ್ದರು. ತಣ್ಣಗಿದ್ದಾಗ ದುಂಡಗೆ ನೆಟ್ಟಗೆ ಇರುತ್ತಿತ್ತು. ಇಂಜಿನ್ ಕಾದ ಮೇಲೆ ತಿರುವಿನಲ್ಲಿ ಮಡಚಿ ಚಪ್ಪಟೆ ಆಗುತ್ತಿತ್ತು. ಗ್ಯಾರೇಜಿಗೆ ಬಂದು ತಣ್ಣಗಾದ ಮೇಲೆ ನಾನು ನೋಡಿದರೆ ಮತ್ತೆ ದುಂಡಗೆ! ಎರಡಡಿ ಪೈಪು ಬದಲಿಸಿದೆ. ಸೀಲು ಆಮೇಲೆ ಸುಮ್ಮನಾಯಿತು.

ಅವತ್ತಿನಿಂದ ಆಯಿಲ್ ಲೀಕ್ ಅಂತ ಗಾಡಿ ಬಂದರೆ ನಾನು ಮೊದಲು ಮುಟ್ಟುವುದು ಬ್ರೀದರ್. ಅದೂ ಬಿಸಿ ಇರುವಾಗ. ಪೈಪಿನ ಬಾಯಿಂದ ಡಬ್ಬಿಯವರೆಗೆ ಕೈಯಾಡಿಸಿ ನೋಡುತ್ತೇನೆ. ನಮ್ಮ ಕಡೆ ಏನೇನು ಸಿಗುತ್ತದೆ ಅಂತ ಕೇಳಬೇಡಿ. ಮಳೆಗಾಲದ ಎರೆಮಣ್ಣು ಇದ್ದೇ ಇದೆ. ಶೆಡ್ಡಿನಲ್ಲಿ ನಾಲ್ಕು ತಿಂಗಳು ನಿಂತ ಟ್ರ್ಯಾಕ್ಟರ್ ಆದರೆ ಮಣ್ಣಿನ ಗೂಡು ಕಟ್ಟುವ ಕಣಜದ ಹುಳ ಆ ಪೈಪನ್ನೇ ಮನೆ ಮಾಡಿಕೊಂಡಿರುತ್ತದೆ. ಒಂದು ಸಲ ಬಟ್ಟೆಯ ಬಿರಡೆ ಸಿಕ್ಕಿತ್ತು. ಆಯಿಲ್ ಹನಿ ಬಿದ್ದು ಅಂಗಳ ಹೊಲಸಾಗುತ್ತದೆ ಅಂತ ಮನೆಯವರೇ ತುರುಕಿದ್ದರಂತೆ.

ಪೈಪು ಸರಿ ಇದ್ದರೆ ಡಬ್ಬಿ ಬಿಚ್ಚಿ. ತಂತಿ ಜಾಳಿಗೆಯದ್ದಾದರೆ ಡೀಸೆಲ್‌ನಲ್ಲಿ ನೆನೆಸಿ ತೊಳೆದು, ಒಣಗಿಸಿ ಹಾಕಬಹುದು. ಕಾಗದದಂಥ ಫಿಲ್ಟರ್ ಇದ್ದರೆ ತೊಳೆಯಬೇಡಿ, ಬದಲಿಸಿ. ಡಬ್ಬಿಯಿಂದ ಚೇಂಬರಿಗೆ ಆಯಿಲ್ ಇಳಿಯುವ ಸಣ್ಣ ದಾರಿ ಒಂದಿರುತ್ತದೆ. ಕೆಲವದರಲ್ಲಿ ಅಲ್ಲಿ ಒಂದು ವಾಲ್ವ್ ಕೂಡ ಇರುತ್ತದೆ. ಅದು ಕಟ್ಟಿದರೆ ಡಬ್ಬಿ ಆಯಿಲಿನಿಂದ ತುಂಬುತ್ತದೆ, ಗಾಳಿಯ ಜೊತೆ ಆಯಿಲೂ ಹೊರಗೆ ಹೋಗುತ್ತದೆ. ಜನ ಇದನ್ನೂ ಬ್ಯಾಕ್ ಕಂಪ್ರೆಷನ್ ಅಂತಲೇ ಬರೆದುಕೊಳ್ಳುತ್ತಾರೆ.

ಇನ್ನು ನನಗೆ ಸಿಟ್ಟು ತರಿಸುವ ಒಂದು ವಿಷಯ. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯುವುದು. ಗಿರಾಕಿಯನ್ನು ಕರೆಯುವುದು. "ನೋಡ್ರಿ, ಹೆಂಗ ಹೊಗಿ ಬರಾಕ ಹತ್ತೇತಿ. ರಿಂಗ್ ಹೋಗ್ಯಾವ." ಪಾಪ, ಗಿರಾಕಿ ಏನು ಹೇಳಬೇಕು? ಇಂಜಿನ್ ಬಿಚ್ಚಿ ರಿಂಗ್ ಬದಲಿಸುವ ಹಾಫ್ ಇಂಜಿನ್ ಕೆಲಸಕ್ಕೆ ಒಪ್ಪಿ ಹೋಗುತ್ತಾನೆ. ಎಲ್ಲರೂ ಮೋಸಕ್ಕೇ ಹೀಗೆ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಬಹಳ ಜನ ನಂಬಿಕೊಂಡೇ ಮಾಡುತ್ತಾರೆ. ಆದರೆ ಮುಚ್ಚಳ ತೆಗೆದರೆ ಒಳ್ಳೆಯ ಇಂಜಿನ್ ಕೂಡ ಬುಸ್ ಬುಸ್ ಅನ್ನುತ್ತದೆ. ಒಳಗೆ ಟ್ಯಾಪೆಟ್ ಕುಣಿಯುತ್ತಿರುತ್ತವೆ, ಬಿಸಿ ಆಯಿಲ್ ಆವಿ ಇರುತ್ತದೆ. ಒಂದೇ ಸಿಲಿಂಡರಿನ ಇಂಜಿನ್ ಆದರೆ ಪಿಸ್ಟನ್ನಿನ ಏರಿಳಿತಕ್ಕೇ ಗಾಳಿ ಒಳಗೆ ಹೊರಗೆ ಆಡುತ್ತದೆ. ಕಣ್ಣಿಗೆ ಕಾಣುವ ಹೊಗೆಯಿಂದ ಎಷ್ಟು ಅಂತ ಅಳೆಯಲಿಕ್ಕೆ ಆಗುವುದಿಲ್ಲ.

ಹಾಗಾದರೆ ಹೇಗೆ ಅಳೆಯುವುದು? ಆಯಿಲ್ ಪ್ರೆಷರ್ ಗೇಜ್ ಹಾಕಿದರೆ ಮುಳ್ಳು ಅಲ್ಲಾಡುವುದೂ ಇಲ್ಲ. ಇಲ್ಲಿಯ ಒತ್ತಡ ಅಷ್ಟು ಸಣ್ಣದು. ಲಾರಿ ಟಯರಿನ 100 ಪಿಎಸ್‌ಐ ಗಾಳಿ 70 ಮೀಟರ್ ಎತ್ತರದ ನೀರನ್ನು ಹೊರಬಲ್ಲದು. ನಾವು ಅಳೆಯಬೇಕಾದ್ದು ಗೇಣುದ್ದದ ನೀರಿನ ಒತ್ತಡ. ಅದಕ್ಕೆ ನೀರೇ ಸರಿಯಾದ ಗೇಜು.

ಈಗ ಚೀಲ ಬಿಚ್ಚುತ್ತೇನೆ. ಇದೇನು ಅಂತ ಗೊತ್ತಲ್ಲ? ಮನೆ ಕಟ್ಟುವಾಗ ಗೌಂಡಿಗಳು ಲೆವೆಲ್ ಹಿಡಿಯುವ ಪೈಪು. ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ಕು. ಮೂರು ಮೀಟರ್ ಇದ್ದರೆ ಸಾಕು. ಹಲಗೆಯ ಮೇಲೆ ಯು ಆಕಾರದಲ್ಲಿ ಕಟ್ಟಿದ್ದೇನೆ, ನಡುವೆ ಶಾಲೆ ಹುಡುಗರ ಸ್ಕೇಲು ಅಂಟಿಸಿದ್ದೇನೆ. ಅರ್ಧದವರೆಗೆ ನೀರು. ಕಾಣಲಿ ಅಂತ ಚಿಟಿಕೆ ಕುಂಕುಮ. ಒಂದು ತುದಿ ಡಿಪ್‌ಸ್ಟಿಕ್ ತೂತಿಗೆ ಬಿಗಿಯಾಗಿ ಕೂರಬೇಕು, ಇನ್ನೊಂದು ತುದಿ ಗಾಳಿಗೆ ಬಿಟ್ಟಿರಬೇಕು.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಒಂದು ಕಡೆ ನೀರು 3 ಸೆಂಟಿಮೀಟರ್ ಏರಿತು ಅಂದರೆ 3 ಅಂತ ಬರೆದುಕೊಳ್ಳುತ್ತಾರೆ. ಆ ಕಡೆ 3 ಏರುವಾಗ ಈ ಕಡೆ 3 ಇಳಿದಿರುತ್ತದೆ. ಒತ್ತಡ ಅಂದರೆ ಎರಡರ ನಡುವಿನ ಅಂತರ, 6 ಸೆಂಟಿಮೀಟರ್. ಇನ್ನೊಂದು ಎಚ್ಚರ. ಬ್ರೀದರ್ ಟರ್ಬೋಗೆ ಸೇರಿರುವ ಗಾಡಿಯಲ್ಲಿ ಒಳಗೆ ಒತ್ತಡದ ಬದಲು ಸೆಳೆತ ಇರಬಹುದು. ನೀರು ಇಂಜಿನ್ ಒಳಗೆ ಹೋದೀತು. ಅದಕ್ಕೆ ನೀರು ಏರಲಿಕ್ಕೆ ಜಾಗ ಇರುವ ಹಾಗೆ ಹಲಗೆ ಉದ್ದದ್ದಿರಲಿ. ಇಂಜಿನ್ ಚಾಲೂ ಮಾಡಿದ ಮೇಲೆ ಪೈಪು ಸಿಕ್ಕಿಸಿ, ಬಂದ್ ಮಾಡುವ ಮೊದಲು ತೆಗೆಯಿರಿ.

ಇಂಜಿನ್ ಚೆನ್ನಾಗಿ ಕಾದಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಶರ್ಟಿನ ತೋಳು ಬೆಲ್ಟಿನಿಂದ ದೂರ ಇರಲಿ. ಮೊದಲು ಬ್ರೀದರ್ ಹೇಗಿದೆಯೋ ಹಾಗೇ ಇಟ್ಟು ಓದಿ. ಆಮೇಲೆ ಬ್ರೀದರ್ ಪೈಪು ಮತ್ತು ಡಬ್ಬಿ ಕಳಚಿ ಮತ್ತೆ ಓದಿ. ಕಳಚಿದ ಕೂಡಲೇ ನೀರು ಸಮ ಆಯಿತೋ, ರೋಗ ಬ್ರೀದರಿನದ್ದು. ರಿಂಗಿನ ತಂಟೆಗೆ ಹೋಗಬೇಡಿ.

ಕಳಚಿದರೂ ಭರ್ರನೆ ಗಾಳಿ ಬರುತ್ತಿದ್ದರೆ ಎಷ್ಟು ಬರುತ್ತಿದೆ ಅಂತ ನೋಡಬೇಕು. ಅದಕ್ಕೆ ಈ ರಬ್ಬರ್ ಬಿರಡೆ. ನಡುವೆ 8 ಮಿ.ಮೀ. ಡ್ರಿಲ್ ಹೊಡೆದಿದ್ದೇನೆ. ಬ್ರೀದರ್ ಬಾಯಿಗೆ ಇದನ್ನು ಹಾಕಿದರೆ ಎಲ್ಲ ಗಾಳಿಯೂ ಈ ಒಂದೇ ತೂತಿನಲ್ಲಿ ಹೋಗಬೇಕು. ಆಗ ನೀರಿನ ಎತ್ತರವೇ ಗಾಳಿಯ ಲೆಕ್ಕ ಹೇಳುತ್ತದೆ. ನೀರು 25 ಮಿ.ಮೀ. ನಿಂತರೆ ನಿಮಿಷಕ್ಕೆ ಹೆಚ್ಚುಕಮ್ಮಿ 35-40 ಲೀಟರ್. ನೀರು 100 ಮಿ.ಮೀ. ಆದರೆ ಗಾಳಿ ಎಷ್ಟು? ನಾಲ್ಕು ಪಟ್ಟು ಅಂತ ಅಲ್ಲಿ ಯಾರೋ ಅಂದರು. ಅಲ್ಲ, ಎರಡೇ ಪಟ್ಟು. ತೂತಿನಲ್ಲಿ ಗಾಳಿ ಎರಡರಷ್ಟು ಹೋಗಬೇಕಾದರೆ ಒತ್ತಡ ನಾಲ್ಕರಷ್ಟು ಬೇಕು. ಇದು ಗೊತ್ತಿಲ್ಲದಿದ್ದರೆ ನೀರು ಜಿಗಿದದ್ದು ನೋಡಿ ಹೆದರುತ್ತೀರಿ. ಕಂಪನಿಯ ಮ್ಯಾನುಯಲ್‌ನಲ್ಲಿ ಮಿತಿ ಕೊಟ್ಟಿದ್ದರೆ ಅವರದೇ ಅಳತೆಯ ತೂತು ಇಟ್ಟು ನೋಡಿ, ಅದೇ ಸರಿ. ಅದು ಸಿಗದವರು ಒಂದು ಕೆಲಸ ಮಾಡಿ. ಇಂಜಿನ್ ಚೆನ್ನಾಗಿರುವಾಗಲೇ ಅಳೆದು ಡೈರಿಯಲ್ಲಿ ಬರೆದಿಡಿ. ಮುಂದಿನ ವರ್ಷ ಅದೇ ಬಿರಡೆ, ಅದೇ ಆರ್‌ಪಿಎಂನಲ್ಲಿ ಮತ್ತೆ ಅಳೆಯಿರಿ. ಬೇರೆಯವರ ಟ್ರ್ಯಾಕ್ಟರಿನ ಅಂಕಿಗಿಂತ ನಿಮ್ಮದರ ಹೋದ ವರ್ಷದ ಅಂಕಿ ಜಾಸ್ತಿ ಹೇಳುತ್ತದೆ.

ಗಾಳಿ ಜಾಸ್ತಿ ಇದೆ ಅಂತಾದರೂ ರಿಂಗೇ ಕಳ್ಳ ಅಂತ ಹೇಳಲಿಕ್ಕೆ ಬರುವುದಿಲ್ಲ. ಇದು ಲಾರಿಯವರಿಗೆ ಬಹಳ ಮುಖ್ಯ. ನಿಮ್ಮ ಇಂಜಿನ್‌ಗೆ ಅಂಟಿಕೊಂಡೇ ಇನ್ನೊಂದು ಪುಟ್ಟ ಇಂಜಿನ್ ಇದೆ, ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್. ಅದಕ್ಕೂ ಪಿಸ್ಟನ್ ಇದೆ, ರಿಂಗ್ ಇದೆ. ಅದರ ರಿಂಗ್ ಸವೆದರೆ ಆ ಗಾಳಿ ಇಳಿಯುವುದೂ ಇದೇ ಚೇಂಬರಿಗೆ. ಪರೀಕ್ಷೆ ಬಹಳ ಸುಲಭ. ನೀರಿನ ಪೈಪು ಹಾಕಿ ನೋಡುತ್ತಾ ನಿಲ್ಲಿ. ಟ್ಯಾಂಕ್ ತುಂಬಿದ ಮೇಲೆ ಗಾಳಿ ತುಂಬುವುದನ್ನು ನಿಲ್ಲಿಸುವ ಅನ್‌ಲೋಡರ್ ಟಿಸ್ಸ್ ಅನ್ನುತ್ತದಲ್ಲ, ಆ ಗಳಿಗೆಯಲ್ಲಿ ನೀರು ಥಟ್ಟನೆ ಇಳಿದರೆ ಕಳ್ಳ ಕಂಪ್ರೆಸರ್. ಬ್ರೇಕ್ ನಾಲ್ಕು ಸಲ ಒತ್ತಿ ಗಾಳಿ ಖಾಲಿ ಮಾಡಿ, ಮತ್ತೆ ತುಂಬುವಾಗ ನೀರು ಏರುತ್ತದೆ. ಇದನ್ನು ನೋಡದೆ ಇಂಜಿನ್ ಬಿಚ್ಚಿ, ಹೊಸ ಪಿಸ್ಟನ್, ಅದು ಓಡಾಡುವ ಕೊಳವೆ ಅಂದರೆ ಲೈನರ್ ಹಾಕಿ, ಅದೇ ಹಳೆಯ ಕಂಪ್ರೆಸರ್ ವಾಪಸ್ ಕೂರಿಸಿದ್ದನ್ನು ನಾನು ಕಂಡಿದ್ದೇನೆ. ಹೊಸ ಇಂಜಿನ್, ಹಳೆಯ ಹೊಗೆ.

ಜೀಪು, ಸುಮೋ ಥರದ ಗಾಡಿಗಳಲ್ಲಿ ಆಲ್ಟರ್ನೇಟರಿನ ಹಿಂದೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಬ್ರೇಕ್ ಬೂಸ್ಟರಿನಿಂದ ಅದು ಎಳೆದ ಗಾಳಿ ಆಯಿಲ್ ಜೊತೆ ಚೇಂಬರಿಗೇ ಬರುತ್ತದೆ. ಬೂಸ್ಟರ್ ಪೈಪು ಎಲ್ಲೋ ಸೀಳಿದ್ದರೆ ಪಂಪು ಊರ ಗಾಳಿಯನ್ನೆಲ್ಲ ಎಳೆದು ಒಳಗೆ ತುಂಬುತ್ತಲೇ ಇರುತ್ತದೆ. ಬ್ರೇಕ್ ಗಟ್ಟಿ ಆಗಿದೆ, ಬ್ರೀದರ್ ಹೊಗೆಯೂ ಜಾಸ್ತಿ ಆಗಿದೆ ಅಂತ ಎರಡು ದೂರು ಒಟ್ಟಿಗೆ ಬಂದರೆ ಮೊದಲು ಈ ಪೈಪು ನೋಡಿ.

ಆಮೇಲೆ ಟರ್ಬೋ. ಇದು ಎರಡೂ ಕಡೆ ಕಾಡುತ್ತದೆ. ಟರ್ಬೋ ಸವೆದರೆ ಅದರ ಒತ್ತಡದ ಗಾಳಿ ಆಯಿಲ್ ಇಳಿಯುವ ಪೈಪಿನಿಂದ ಚೇಂಬರಿಗೆ ನುಗ್ಗುತ್ತದೆ. ಉಲ್ಟಾ ಕೂಡ ಆಗುತ್ತದೆ. ಟರ್ಬೋದಿಂದ ಆಯಿಲ್ ಇಳಿಯುವುದು ಬರೀ ತನ್ನ ಭಾರಕ್ಕೆ, ಯಾರೂ ತಳ್ಳುವುದಿಲ್ಲ. ಚೇಂಬರಿನಲ್ಲಿ ಒತ್ತಡ ಇದ್ದರೆ ಆ ಆಯಿಲ್ ಇಳಿಯಲಾರದೆ ಅಲ್ಲೇ ನಿಲ್ಲುತ್ತದೆ. ಕೊನೆಗೆ ಟರ್ಬೋ ಸೀಲ್ ದಾಟಿ ಇಂಟರ್‌ಕೂಲರ್ ಕಡೆಗೋ ಸೈಲೆನ್ಸರ್ ಕಡೆಗೋ ಹೋಗುತ್ತದೆ. ನೀಲಿ ಹೊಗೆ. ಎಲ್ಲರೂ ಟರ್ಬೋ ಹೋಯಿತು ಅನ್ನುತ್ತಾರೆ. ಹೊಸ ಟರ್ಬೋ ಹಾಕುತ್ತಾರೆ, ಅದೂ ಆಯಿಲ್ ಬಿಡುತ್ತದೆ. ಟರ್ಬೋ ಅಂಗಡಿಯವರ ಜೊತೆ ಜಗಳ ಶುರುವಾಗುತ್ತದೆ. ಎರಡನೇ ಟರ್ಬೋಗೆ ದುಡ್ಡು ಎಣಿಸುವ ಮೊದಲು ಈ ನೀರಿನ ಪೈಪು ಹಾಕಿ ನೋಡಿ.

ಇಷ್ಟೆಲ್ಲ ನೋಡಿ ಉಳಿದದ್ದು ರಿಂಗು, ಲೈನರು, ಪಿಸ್ಟನ್ನು. ಅದರಲ್ಲೂ ಯಾವ ಸಿಲಿಂಡರ್? ಹಳೆಯ ಡೀಸೆಲ್ ಪಂಪಿನ ಇಂಜಿನ್ ಆದರೆ ಒಂದೊಂದೇ ನೋಜಲ್ ಪೈಪಿನ ನಟ್ ಸಡಿಲ ಮಾಡಿ. ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತದೆ. ಯಾವುದನ್ನು ಸಡಿಲ ಮಾಡಿದಾಗ ನೀರು ಇಳಿಯುತ್ತದೋ ಅಲ್ಲಿ ರೋಗ. ಆದರೆ ಹುಡುಗರೇ, ಇದು ಕಾಮನ್ ರೈಲ್, ಅಂದರೆ ಎಲ್ಲ ನೋಜಲ್‌ಗೂ ಒಂದೇ ಭಾರೀ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ ಗಾಡಿಯಲ್ಲಿ ಬೇಡವೇ ಬೇಡ. ಅಲ್ಲಿ ಪೈಪಿನೊಳಗೆ 1600 ಬಾರ್, ಅದಕ್ಕಿಂತ ಜಾಸ್ತಿ ಕೂಡ ಇರುತ್ತದೆ. ಆ ಡೀಸೆಲ್ ಸೂಜಿಯ ಹಾಗೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕಿಯಷ್ಟೇ ಗಾಯ. ಒಳಗೆ ಕೈಯೇ ಕೊಳೆಯಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಸುಮ್ಮನಿರದೆ ಆಸ್ಪತ್ರೆಗೆ ಓಡಿ.

ನಿಂತ ಗಾಡಿಯಲ್ಲಿ ಎಲ್ಲ ಸರಿ ಕಂಡು, ಭಾರದಲ್ಲಿ ಮಾತ್ರ ತೊಂದರೆ ಕೊಡುವ ಇಂಜಿನ್‌ಗಳೂ ಇವೆ. ಅಂಕೋಲಾದಿಂದ ಲೋಡ್ ಹಾಕಿಕೊಂಡು ಅರಬೈಲ್ ಘಟ್ಟ ಹತ್ತುವಾಗ ಹೊಗೆ ಕಕ್ಕಿ, ಹುಬ್ಬಳ್ಳಿಗೆ ಬಂದು ನಿಂತಾಗ ಸಾಧು ಆಗುವ ಲಾರಿಗಳು. ಟ್ರ್ಯಾಕ್ಟರ್ ಆದರೆ ಕುಂಟಿ ಹೊಡೆಯುವಾಗ ಸುಮ್ಮನೆ, ನೇಗಿಲು ಆಳಕ್ಕೆ ಇಳಿದಾಗ ಬುಸುಗುಟ್ಟುವುದು. ಅಂಥದ್ದನ್ನು ಭಾರ ಕೊಟ್ಟೇ ಅಳೆಯಬೇಕು. ಪೈಪನ್ನು ಕ್ಯಾಬಿನ್‌ವರೆಗೆ ಎಳೆದು, ಪಕ್ಕದ ಸೀಟಿನಲ್ಲಿ ಒಬ್ಬನನ್ನು ಹಲಗೆ ಹಿಡಿದು ಕೂರಿಸಿ. ಡ್ರೈವರ್ ರಸ್ತೆ ನೋಡಲಿ.

ನಮ್ಮ ಹುಬ್ಬಳ್ಳಿಯವರಿಗೆ ಇದನ್ನು ಕಲಿಯಲಿಕ್ಕೆ ದೂರ ಹೋಗಬೇಕಿಲ್ಲ. ಊರಲ್ಲೇ ಡೀಸೆಲ್ ಲೋಕೋ ಶೆಡ್ ಇದೆ. ಅಲ್ಲಿಯ ಇಎಂಡಿ, ಅಂದರೆ ಆ ಹೆಸರಿನ ಅಮೆರಿಕದ ಕಂಪನಿಯ ಮಾದರಿಯ ರೈಲು ಇಂಜಿನ್‌ಗಳು 16 ಸಿಲಿಂಡರಿನವು. ಅವುಗಳಲ್ಲಿ ಸೈಲೆನ್ಸರಿಗೆ ಹೋಗುವ ಹೊಗೆಯ ಸೆಳೆತದಿಂದಲೇ ಚೇಂಬರಿನ ಗಾಳಿಯನ್ನು ಹೀರಿ ತೆಗೆಯುವ ಏರ್ಪಾಡು ಇದೆ. ಅದಕ್ಕಿಂತ ಹಳೆಯ ಆಲ್ಕೋ ಇಂಜಿನ್‌ಗಳಲ್ಲಿ ಈ ಕೆಲಸಕ್ಕೇ ಒಂದು ಮೋಟಾರ್ ಇರುತ್ತಿತ್ತು. ಅಂದರೆ ರೈಲಿನವರು ಚೇಂಬರನ್ನು ಯಾವಾಗಲೂ ಸ್ವಲ್ಪ ಸೆಳೆತದಲ್ಲೇ ಇಡುತ್ತಾರೆ. ಇಎಂಡಿಯಲ್ಲಿ ಅದು ತಪ್ಪಿ ಒತ್ತಡ ಬಂತೋ, ಒಂದು ಸಾಧನ ಇಂಜಿನ್ನನ್ನೇ ಬಂದ್ ಮಾಡಿಬಿಡುತ್ತದೆ. ಬಂದ್ ಆದ ಕೂಡಲೇ ಯಾರೂ ಬಾಗಿಲು ತೆಗೆಯುವ ಹಾಗಿಲ್ಲ. ಒಳಗೆ ಎಲ್ಲೋ ಬೇರಿಂಗ್ ಕಾದು ಕೆಂಪಾಗಿರಬಹುದು, ಸುತ್ತ ಆಯಿಲ್ ಆವಿ ತುಂಬಿರುತ್ತದೆ. ಬಾಗಿಲು ತೆಗೆದು ಹೊಸ ಗಾಳಿ ಕೊಟ್ಟರೆ ಸ್ಫೋಟ ಆಗಬಹುದು. ತಣ್ಣಗಾಗುವವರೆಗೆ ಕಾಯುತ್ತಾರೆ.

ಪಂಪ್‌ಸೆಟ್ ಇಟ್ಟುಕೊಂಡವರು ಇಲ್ಲಿ ಎಷ್ಟು ಜನ ಇದ್ದೀರಿ? ಒಂದೇ ಸಿಲಿಂಡರಿನ ಹಳೆಯ ಲಿಸ್ಟರ್ ಮಾದರಿಯ ಇಂಜಿನ್‌ನಲ್ಲಿ ಬ್ರೀದರ್ ಬರೀ ತೂತಲ್ಲ, ಒಂದೇ ಕಡೆ ತೆರೆಯುವ ಬಾಗಿಲು. ಪಿಸ್ಟನ್ ಇಳಿದಾಗ ಗಾಳಿ ಹೊರಗೆ ದಬ್ಬುತ್ತದೆ, ಏರುವಾಗ ಬಾಗಿಲು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಒಳಗೆ ಸಣ್ಣ ಸೆಳೆತ ಉಳಿದು, ಆಯಿಲ್ ಶಾಫ್ಟಿನ ತುದಿಗಳಿಂದ ಹೊರಗೆ ಬರುವುದಿಲ್ಲ. ಆ ತೆಳು ಬಿಲ್ಲೆ ಮುರಿದರೆ, ಇಲ್ಲವೇ ತೊಳೆಯುವಾಗ ಕಳೆದುಹೋದರೆ, ಇಂಜಿನ್ ಎರಡೂ ಕಡೆ ಆಯಿಲ್ ಉಗುಳುತ್ತದೆ. ಅಷ್ಟೇ ಅಲ್ಲ, ಪಿಸ್ಟನ್ ಏರುವಾಗಲೆಲ್ಲ ಹೊಲದ ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಗದಗ, ರೋಣ, ನವಲಗುಂದದ ಎರೆ ಹೊಲದ ಧೂಳು ಹೇಗಿರುತ್ತದೆ ನಾನು ಹೇಳಬೇಕಾ? ಅದು ಆಯಿಲಿಗೆ ಸೇರಿದರೆ ಮಸಾಲೆ ಅರೆದ ಹಾಗೆ ರಿಂಗು ಬೇರಿಂಗು ಎಲ್ಲವನ್ನೂ ಅರೆಯುತ್ತದೆ. ಸುಳ್ಳು ರೋಗ ಹೀಗೆ ನಿಜ ರೋಗ ಆಗುತ್ತದೆ.

ಈಗ ಪ್ರಶ್ನೆಗಳು. ಚೀಟಿಯಲ್ಲಿ ಬಂದವು ಮೂರು.

ಧಾರವಾಡದವರು ಕೇಳಿದ್ದಾರೆ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಕೆಳಗೆ ಬೆಣ್ಣೆಯ ಹಾಗೆ ಬಿಳಿ ಮೆತ್ತಿಕೊಳ್ಳುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗಿದೆಯಾ ಅಂತ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ಬ್ಯಾಕ್ ಕಂಪ್ರೆಷನ್ ಜೊತೆ ಅದರಲ್ಲಿ ಸ್ವಲ್ಪ ಕೆಳಗೂ ಬರುತ್ತದೆ. ಇಂಜಿನ್ ಪೂರ್ತಿ ಕಾಯದೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದರೆ ಆ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹಾಗಾಗುತ್ತದೆ. ಬ್ರೀದರ್ ಕಟ್ಟಿದ್ದರೆ ಇನ್ನೂ ಜಾಸ್ತಿ. ರೇಡಿಯೇಟರ್ ನೀರು ಇಳಿದಿಲ್ಲ, ಡಿಪ್‌ಸ್ಟಿಕ್ಕಿನ ಆಯಿಲ್ ಬಿಳಿ ಆಗಿಲ್ಲ ಅಂದರೆ ಹೆಡ್ ಮುಟ್ಟಬೇಡಿ. ಬ್ರೀದರ್ ತೊಳೆದು, ಒಂದು ದಿನ ಬೆಳಗಾವಿಗೆ ಹೋಗಿ ಬನ್ನಿ.

ಎರಡನೆಯದು ರಾಣೇಬೆನ್ನೂರಿನದು. ಇಂಜಿನ್ ಕೆಲಸ ಮಾಡಿಸಿ ತಿಂಗಳಾಯಿತು, ಬ್ರೀದರ್ ಹೊಗೆ ನಿಂತಿಲ್ಲ. ಮಿಸ್ತ್ರಿ ಹೇಳಿದ ಹಾಗೆ ಭಾರ ಹಾಕದೆ ಹಗುರವಾಗಿ ಓಡಿಸುತ್ತಿದ್ದೇನೆ ಅಂತ. ಅದೇ ತೊಂದರೆ ಇರಬಹುದು. ಹೊಸ ರಿಂಗು ಲೈನರಿಗೆ ಉಜ್ಜಿ ಕೂರಬೇಕಾದರೆ ಅದರ ಹಿಂದೆ ಒತ್ತಡ ಬೇಕು. ಬರೀ ಸ್ಲೋದಲ್ಲಿ ಗಂಟೆಗಟ್ಟಲೆ ಬಿಟ್ಟರೆ ಲೈನರ್ ಕನ್ನಡಿಯ ಹಾಗೆ ನುಣುಪಾಗುತ್ತದೆ, ರಿಂಗ್ ಕೂರುವುದೇ ಇಲ್ಲ. ಮೊದಲ ದಿನದಿಂದಲೇ ಮಧ್ಯಮ ಭಾರ, ಏರಿಳಿತದ ಕೆಲಸ ಕೊಡಬೇಕು. ಪೂರ್ತಿ ದಬಾಯಿಸುವುದೂ ಬೇಡ.

ಮೂರನೆಯವರು ಕೀ ತೆಗೆದರೂ ಇಂಜಿನ್ ನಿಲ್ಲದೆ ಕೂಗಿದ್ದನ್ನು ಬರೆದಿದ್ದಾರೆ. ಬ್ರೀದರ್ ಪೈಪು ಒಳಗಾಳಿಗೆ ಸೇರಿರುವ ಗಾಡಿಯಲ್ಲಿ ಆಯಿಲ್ ಅಳತೆ ಮೀರಿ ಹಾಕಿದರೆ, ಇಂಜಿನ್ ಆ ಆಯಿಲ್ಲನ್ನೇ ಹೀರಿ ಡೀಸೆಲ್ ಥರ ಉರಿಸಿಕೊಂಡು ಓಡುತ್ತದೆ. ಡೀಸೆಲ್ ನಿಲ್ಲಿಸಿ ಉಪಯೋಗ ಇಲ್ಲ, ಗಾಳಿ ನಿಲ್ಲಿಸಬೇಕು. ಏರ್ ಫಿಲ್ಟರ್ ಬಾಯಿಗೆ ಹಲಗೆ ಒತ್ತಿ ಹಿಡಿಯಿರಿ. ಕೈ ಮಾತ್ರ ಇಡಬೇಡಿ. ಗೇರ್ ಗಾಡಿ ಆದರೆ ಮೇಲಿನ ಗೇರ್ ಹಾಕಿ, ಬ್ರೇಕ್ ಒತ್ತಿ ಕ್ಲಚ್ ಬಿಟ್ಟರೆ ನಿಲ್ಲುತ್ತದೆ. ಇಂಜಿನ್ ಬಂದ್ ಮಾಡಿದ ಕೂಡಲೇ ಡಿಪ್‌ಸ್ಟಿಕ್ ನೋಡಿ ಕಮ್ಮಿ ಇದೆ ಅಂತ ಸುರಿಯುವ ಅಭ್ಯಾಸದಿಂದ ಹೀಗಾಗುತ್ತದೆ. ಸಮ ನೆಲದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ನೋಡಿ.

ಸರಿ, ಬನ್ನಿ, ಕಾಕಾರ ಟ್ರ್ಯಾಕ್ಟರ್ ನೋಡೋಣ.

ಇನ್ನು ಮುಂದಿನದು ರೆಕಾರ್ಡಿನಲ್ಲಿಲ್ಲ, ನೆನಪಿನಿಂದ ಬರೆಯುತ್ತಿದ್ದೇನೆ. ಮೂರು ಸಿಲಿಂಡರಿನ ಟ್ರ್ಯಾಕ್ಟರು, ಹಳೆಯ ಪಂಪು. ಇಪ್ಪತ್ತು ನಿಮಿಷ ಓಡಿಸಿ ಕಾಯಿಸಿದೆವು. ಬ್ರೀದರ್ ಪೈಪಿನ ತುದಿಯಲ್ಲಿ ನಾನು ಅಂದುಕೊಂಡ ಹಾಗೇ ಮಣ್ಣು ಮೆತ್ತಿತ್ತು. ಕಡ್ಡಿಯಿಂದ ಕೆರೆದಾಗ ಹುಡುಗರು ನಕ್ಕರು, ನಾನೂ ಸ್ವಲ್ಪ ಬೀಗಿದೆ. ಡಿಪ್‌ಸ್ಟಿಕ್ ಹಾರುವುದು ನಿಂತಿತು. ಆದರೆ ಬಿರಡೆ ಹಾಕಿ ರೇಸ್ ಕೊಟ್ಟಾಗ ಕೆಂಪು ನೀರು ಏರಿತು, ಏರುತ್ತಲೇ ಹೋಯಿತು. 100 ಮಿ.ಮೀ. ದಾಟಿ ನಿಂತಿತು. ಆ ಅಳತೆಯ ಇಂಜಿನ್‌ಗೆ ನಾನು 10-15 ನೋಡಲಿಕ್ಕೆ ಬಯಸುತ್ತೇನೆ. ಮೊದಲನೇ ನಟ್ ಸಡಿಲಿಸಿದೆವು, ನೀರು ಅಷ್ಟೇನೂ ಅಲುಗಲಿಲ್ಲ. ಎರಡನೆಯದು, ಸರ್ರನೆ ಅರ್ಧಕ್ಕೆ ಇಳಿಯಿತು. ಮೂರನೆಯದಕ್ಕೆ ಮತ್ತೆ ಮೊದಲಿನ ಹಾಗೇ.

ಕಾಕಾ ನೀರನ್ನೇ ನೋಡುತ್ತಿದ್ದರು. "ಅಂದ್ರ ನಮ್ಮ ಮಿಸ್ತ್ರಿ ಖರೇನ ಹೇಳ್ಯಾನ?"

"ಖರೇನ ಹೇಳ್ಯಾನ್ರಿ ಕಾಕಾ. ಎರಡನೇ ಸಿಲಿಂಡರ್ ಬಿಚ್ಚಿ ನೋಡು ಅಂತ ಹೇಳ್ರಿ. ರಿಂಗ್ ಮುರದಿರಬೇಕು."

ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಹಲಗೆಯನ್ನು ತಮ್ಮ ಕೈಗೆ ತೆಗೆದುಕೊಂಡು, "ಇದನ್ನ ಎರಡು ದಿನ ಕೊಡ್ರಿ. ಅವಂಗೂ ತೋರಸ್ತೀನಿ" ಅಂದರು.